ಹದಿನೈದು ಹೆಜ್ಜೆ ಹಿಂದೆ

ನಿವೃತ್ತಿಯಾದ ಗಂಡಸಿಗೆ ಸಕ್ಕರೆ ಕಾಯಿಲೆ ಇಲ್ಲವೇ ಅಧ್ಯಾತ್ಮ, ಎರಡರಲ್ಲಿ ಒಂದು ಅಂಟಿಕೊಳ್ಳುವುದು ಖಂಡಿತ ಎಂದು ಬಹಳ ಮಂದಿಯನ್ನು ನೋಡಿ ತಿಳಿದುಕೊಂಡಿದ್ದೇನೆ. ಮೊದಲನೆಯದು ನನಗೆ ನೌಕರಿಯಲ್ಲಿದ್ದಾಗಲೇ ಬಂದು ಮನೆಯವರಲ್ಲೊಬ್ಬನಂತೆ ಇದ್ದುಬಿಟ್ಟಿತ್ತು. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಎರಡನೆಯದು. ಹೀಗೆ ಹೇಳಿದರೆ ಜಂಭ ಅನ್ನಿಸಬಹುದು, ಆದರೆ ಅರವತ್ತನೇ ವಯಸ್ಸಿನಲ್ಲಿ ನನ್ನನ್ನು ನಾನು ಕಂಡುಕೊಳ್ಳಲು ಹೊರಟಾಗ, ಆ ಕೆಲಸ ಆಗಿಯೇ ತೀರುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿ ಕಾರವಾರ, ಅಂಕೋಲಾ ತಾಲೂಕುಗಳ ಗದ್ದೆ ಬೇಣಗಳನ್ನು ತುಳಿದವ ನಾನು. ಮುಳ್ಳುಬೇಲಿಯೊಳಗೆ ನುಗ್ಗಿ, ನಾಯಿಯ ಕೈಲಿ ಕಚ್ಚಿಸಿಕೊಂಡು, ಅಣ್ಣತಮ್ಮಂದಿರ ಬೈಗಳ ನಡುವೆ ನಿಂತು ಗಡಿಕಲ್ಲು ಹುಡುಕಿ ತೆಗೆದವನಿಗೆ, ತನ್ನೊಳಗೇ ಇರುವ ಆತ್ಮವನ್ನು ಹುಡುಕುವುದು ಎಷ್ಟರ ಕೆಲಸ?

ಇದಕ್ಕೆಲ್ಲ ಕಿಡಿ ಹಚ್ಚಿದವಳು ನಮ್ಮ ಕಾರವಾರದ ಕಚೇರಿಗೆ ಹೊಸದಾಗಿ ಬಂದಿದ್ದ ಒಬ್ಬ ಹುಡುಗಿ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನಾನು ಸರ್ವೀಸಿನಲ್ಲಿ ಎಂದೂ ಮಾಡದ ಒಳ್ಳೆಯ ಕೆಲಸಗಳನ್ನೆಲ್ಲ ನೆನೆದು ಹೊಗಳಿದರು. ಕೊನೆಗೆ ಈ ಹುಡುಗಿ ಎದ್ದು ನಿಂತು, “ಸರ್ ಇಷ್ಟು ವರ್ಷ ಎಲ್ಲರ ಜಾಗ ಅಳೆದರು. ಇನ್ನಾದರೂ ತಮ್ಮನ್ನು ತಾವು ಅಳೆದುಕೊಳ್ಳಲಿ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸು ಹತ್ತಿ ಹಾರವಾಡದ ಮನೆಗೆ ಬರುವಾಗ, ತೊಡೆಯ ಮೇಲಿದ್ದ ಹಣ್ಣಿನ ಬುಟ್ಟಿಗಿಂತ ಆ ಮಾತೇ ಭಾರವಾಗಿತ್ತು. ನಾನು ಯಾರು? ಯಾಕೆ ಬಂದೆ? ಬಂದದ್ದಕ್ಕೆ ಏನಾದರೂ ಅರ್ಥ ಉಂಟೆ? ಮನೆಗೆ ಬಂದು ಹೆಂಡತಿ ಸುಮಿತ್ರೆಯ ಹತ್ತಿರವೇ ಮೊದಲು ಕೇಳಿದೆ. ಅವಳು ಹಣ್ಣುಗಳನ್ನು ಒಂದೊಂದಾಗಿ ಹಿಚುಕಿ ನೋಡುತ್ತ, “ಸೇಬೆಲ್ಲ ಹುಳುಕು. ಚಾ ಕುಡೀತ್ರಾ?” ಅಂದಳು.

ಮೊದಲು ಮನೆಯಲ್ಲೇ ಧ್ಯಾನಕ್ಕೆ ಕೂತೆ. ಮನೆಯೆಂಬುದು ಧ್ಯಾನಕ್ಕೆ ಹೇಳಿ ಮಾಡಿಸಿದ ಜಾಗವಲ್ಲ. ಕಣ್ಣು ಮುಚ್ಚಿ ಎರಡು ನಿಮಿಷವಾಗುವಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸರ್ ಶುರು. ಅದು ನಿಂತರೆ ಗೇಟಿನಲ್ಲಿ ಶೇವಂತಕ್ಕನ ಕೂಗು. ಶೇವಂತಕ್ಕ ನಮ್ಮ ಕೇರಿಗೆ ಮೀನು ತರುವವಳು. ನನ್ನದೇ ಓರಗೆ, ತೆಳ್ಳಗಿನ ಮೈ, ದಪ್ಪ ಗಂಟಲು. “ಬಾಯೋರೇ, ಬಂಗಡೆ!” ಎಂದು ಅವಳು ಕೂಗಿದರೆ ಒಳಗೆ ಆಗತಾನೆ ಮೇಲೇಳಲು ಹೊರಟ ಪ್ರಜ್ಞೆ ಸೀದಾ ಕೆಳಗಿಳಿದು ಹೊಟ್ಟೆಯಲ್ಲಿ ಕೂರುತ್ತಿತ್ತು. ಧ್ಯಾನ ಮಾಡುವವನು ಮೀನು ಬಿಡಬೇಕೆಂದು ಎಲ್ಲೋ ಓದಿ ಬಿಟ್ಟಿದ್ದೆ. ನಾಲ್ಕನೇ ದಿನ ಸುಮಿತ್ರೆ ಬಂಗಡೆಗೆ ಮಸಾಲೆ ಹಚ್ಚಿ ಕಾವಲಿಯ ಮೇಲಿಟ್ಟಾಗ, ನಾನು ತಿನ್ನಲಿಲ್ಲ. ಕೈ ತಿನ್ನುತ್ತಿರುವುದನ್ನು ದೂರದಿಂದ ಸಾಕ್ಷಿಯಾಗಿ ನೋಡಿದೆ. ಐದು ತುಂಡುಗಳ ತನಕ ನೋಡಿದೆ.

ಈ ಸಾಕ್ಷಿಯ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಆಮೇಲೆ ಕಾರವಾರದಲ್ಲಿ ನಡೆದ ಮೂರು ದಿನದ ಶಿಬಿರದಲ್ಲಿ. ಗುರುಗಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಬಿಳಿ ಜುಬ್ಬದವರು, ಇರುವೆಗೂ ನೋವಾಗದ ಹಾಗೆ ಮಾತಾಡುವವರು. “ಏನು ಬಂದರೂ ನೋಡಿ, ಏನು ಹೋದರೂ ನೋಡಿ. ನಿಮ್ಮ ಸುತ್ತ ನಡೆಯುವುದು ಒಂದೂ ತಪ್ಪಬಾರದು. ಅದೇ ಅರಿವು,” ಎಂದರು. ಇದು ನನಗೆ ಬಹಳ ಹಿಡಿಸಿತು. ಅಳತೆ ತಪ್ಪಬಾರದು ಎಂಬುದೇ ನನ್ನ ಇಡೀ ನೌಕರಿಯ ಪಾಠವಾಗಿತ್ತಲ್ಲ! ಶಿಬಿರ ಮುಗಿಯುವಾಗ ಹತ್ತು ದಿನದ ಮನೆಪಾಠ ಕೊಟ್ಟರು. ಬೆಳಿಗ್ಗೆ ಎದ್ದಾಗಿನಿಂದ ಎಂಟು ಗಂಟೆಯ ತನಕ ಮೌನ. ಅದರಲ್ಲಿ ಒಂದು ಗಂಟೆ ಬಯಲಿನಲ್ಲಿ ಧ್ಯಾನ. ಗಮನಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು. ಪ್ರೀತಿಯ ವಸ್ತುವೊಂದನ್ನು ಯಾರಿಗಾದರೂ ಕೊಟ್ಟುಬಿಡಬೇಕು. ಹಳೆಯ ಜಗಳವೊಂದಕ್ಕೆ ಕ್ಷಮೆ ಕೇಳಬೇಕು. ಇದನ್ನೆಲ್ಲ ಯಾರಿಗೂ ಹೇಳಿಕೊಂಡು ತಿರುಗಬಾರದು, ಹೇಳಿದರೆ ಅಹಂಕಾರ ಬೆಳೆಯುತ್ತದೆ. ಈ ಕೊನೆಯ ಮಾತನ್ನು ನಾನು ಶಿರಸಾವಹಿಸಿ ಪಾಲಿಸಿದೆ, ಹೆಂಡತಿಗೂ ಹೇಳಲಿಲ್ಲ. ಬಂಗಡೆ ತಿಂದ ದಿನವೇ ನಾನು ಧ್ಯಾನ ಬಿಟ್ಟೆನೆಂದು ಅವಳು ತಿಳಿದಿದ್ದಳು, ಶಿಬಿರವನ್ನು ಪಿಂಚಣಿಯ ಓಡಾಟವೆಂದು. ಮುಂದಿನ ಅನಾಹುತಕ್ಕೆಲ್ಲ ಅಡಿಗಲ್ಲು ಅದೇ.

ನಮ್ಮ ಮನೆಯಿಂದ ಕಡಲು ಹತ್ತು ನಿಮಿಷದ ದಾರಿ. ಮಳೆಗಾಲ ಮುಗಿದು ಗಾಳಿ ತಣ್ಣಗಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ಹೋಗಿ, ಗಾಳಿಮರಗಳ ಸಾಲು ದಾಟಿ, ಮರಳಿನ ಮೇಲೆ ಒಂದು ಜಾಗ ಆರಿಸಿಕೊಂಡೆ. ನನ್ನದು ಎಲ್ಲ ಅಚ್ಚುಕಟ್ಟು. ಚಪ್ಪಲಿಗಳನ್ನು ಜೋಡಿಸಿ ಇಡುತ್ತಿದ್ದೆ. ಅಂಗಿ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕನ್ನಡಕ, ಅದರ ಪಕ್ಕ ಕೈಗಡಿಯಾರ, ಮನೆಯ ಕೀಲಿ. ಉಪ್ಪುಗಾಳಿಗೆ ಹಾಳಾಗಬಾರದೆಂದು ಮೇಲೊಂದು ಕರವಸ್ತ್ರ. ಆಮೇಲೆ ಬನಿಯನ್ನಿನಲ್ಲಿ ಕಡಲಿಗೆ ಮುಖ ಮಾಡಿ ಕೂತು ಜೋರಾಗಿ ಉಸಿರು ಎಳೆದು ಬಿಡುತ್ತಿದ್ದೆ. ಆ ಉಸಿರಾಟದ ಕ್ರಮದಲ್ಲಿ ಕಣ್ಣಿನಿಂದ ತನ್ನಿಂತಾನೇ ನೀರು ಇಳಿಯುತ್ತದೆ. ಅದು ಒಳಗಿನ ಕೊಳೆ ಹೋಗುವ ಲಕ್ಷಣ ಎಂದು ಗುರುಗಳು ಹೇಳಿದ್ದರು. ದಾರಿಯಲ್ಲಿ ಯಾರಾದರೂ “ಎಂತ ಸಾಯ್ಬ್ರೆ, ಇಷ್ಟು ಬೇಗ?” ಎಂದರೆ ಮೌನವ್ರತವಾದ್ದರಿಂದ ಉತ್ತರ ಕೊಡದೆ, ಅವರನ್ನು ಕರುಣೆಯಿಂದ ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದೆ. ಮನೆಗೆ ಬಂದು ಪುಸ್ತಕದಲ್ಲಿ ಬರೆಯುತ್ತಿದ್ದೆ: ಗಾಳಿ ಬಡಗಣದಿಂದ. ದೂರದಲ್ಲಿ ಎರಡು ದೋಣಿ. ಎಡ ಮೊಣಕಾಲು ನೋವು. ಏಡಿ ಒಂದು. ಮನಸ್ಸು ಶಾಂತ.

ಪ್ರೀತಿಯ ವಸ್ತುವೆಂದರೆ ನನಗೆ ಬೆತ್ತದ ಆರಾಮಕುರ್ಚಿ. ಅರ್ಗಾದ ನಮ್ಮ ಹಳೆಯ ಮನೆಯನ್ನು ಸರ್ಕಾರ ನೌಕಾನೆಲೆಗೆಂದು ತೆಗೆದುಕೊಂಡಾಗ ಅಪ್ಪ ತಲೆಯ ಮೇಲೆ ಹೊತ್ತು ತಂದದ್ದು. ಅದನ್ನು ಎರಡನೇ ದಿನ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. “ಯಾಕೆ ಸಾಯ್ಬ್ರೆ?” ಎಂದರು. “ಇನ್ನು ನನಗೆ ಬೇಕಾಗುವುದಿಲ್ಲ,” ಎಂದೆ, ಸ್ವಲ್ಪ ಮುಗುಳ್ನಕ್ಕು. ಅದೇ ಉತ್ಸಾಹದಲ್ಲಿ, ಆಸ್ತಿಯ ಮೇಲಿನ ಮೋಹವೂ ಕಡಿಮೆಯಾಗಲೆಂದು ಸುಮಿತ್ರೆಯನ್ನು ಕರೆದು, ಮನೆಯ ಕಾಗದಪತ್ರ ಯಾವ ಪೆಟ್ಟಿಗೆಯಲ್ಲಿದೆ, ಪಿಂಚಣಿಯ ಪುಸ್ತಕ ಎಲ್ಲಿದೆ ಎಂದು ತೋರಿಸಿದೆ. ಅವಳು ಪೆಟ್ಟಿಗೆ ನೋಡಲಿಲ್ಲ, ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನೋ ಕಳೆ ಬಂದಿರಬೇಕು ಎಂದುಕೊಂಡೆ.

ಉಳಿದದ್ದು ಕ್ಷಮೆ. ನನ್ನ ಹೆಂಡತಿಯ ಅಣ್ಣ ಬೊಮ್ಮಯ್ಯ ಬಾವ ರಾಮನಗುಳಿಯವರು. ಬಹಳ ವರ್ಷಗಳ ಹಿಂದೆ ಅವರ ಗದ್ದೆಯ ಗಡಿ ತಕರಾರಿಗೆ ಬಂದು, ಅಳೆಯುವ ಕೆಲಸ ನನ್ನ ಪಾಲಿಗೇ ಬಿತ್ತು. ಅಳೆದೆ. ಬಾವನ ಬೇಲಿ ಪಕ್ಕದವರ ಜಾಗದಲ್ಲಿ ಎರಡಡಿ ಒಳಗಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದೆ. “ಉಂಡ ಮನೆಗೇ ಅಳತೆ ಚೈನು ಹಿಡಿದ ಗಂಡು,” ಎಂದು ಹೇಳಿ ಎದ್ದು ಹೋದ ಬಾವ ಆಮೇಲೆ ನಮ್ಮ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಸುಮಿತ್ರೆ ಒಬ್ಬಳೇ ಹೋಗಿ ಬರುತ್ತಿದ್ದಳು. ಐದನೇ ದಿನ ಫೋನು ಮಾಡಿದೆ.

“ಬಾವ, ನನ್ನದು ತಪ್ಪಿದ್ದರೆ ಮನ್ನಿಸಿಬಿಡಿ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ. ನಾನೂ ಏನೂ ಇಟ್ಟುಕೊಂಡು ಹೋಗುವವನಲ್ಲ,” ಎಂದೆ.

ಆ ಕಡೆಯಿಂದ ಬಾವನ ದನಿ ಸಣ್ಣಗೆ ಬಂತು. “ಎಲ್ಲಿಗೆ ಹೋಗೂದು?”

“ಎಲ್ಲರೂ ಒಂದಲ್ಲ ಒಂದು ದಿನ ಹೋಗುವವರೇ ಅಲ್ಲವೇ,” ಎಂದು ಫೋನು ಇಟ್ಟೆ. ನಾನೇ ಮೆಚ್ಚಿಕೊಂಡ ಮಾತು ಅದು.

ಇಲ್ಲಿಂದ ಮುಂದೆ ನಡೆದದ್ದನ್ನು ಕೇಳಿ. ಜಗತ್ತು ನನ್ನ ಕಡೆಗೆ ಮೃದುವಾಗತೊಡಗಿತು. ಸುಮಿತ್ರೆ ಮಾತಿಗೆ ಎದುರು ಮಾತು ಕೊಡುವುದನ್ನು ನಿಲ್ಲಿಸಿದಳು. ಟೀವಿಯ ರಿಮೋಟು ತಾನಾಗಿ ನನ್ನ ಕೈಗೆ ಬಂತು. ಒಂದು ದಿನ ಶೆಟ್ಲಿ ಎಂಬ ಸಿಗಡಿ, ಮರುದಿನ ಇಸ್ವಾಣ ಮೀನು, ಅದರ ಮರುದಿನ ಮತ್ತೆ ಶೆಟ್ಲಿ; ಮಗಳ ಮದುವೆ ಮಾತುಕತೆಯ ದಿನವೂ ನಮ್ಮಲ್ಲಿ ಅಂಥ ಅಡುಗೆ ಆಗಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯ ಡಬ್ಬಿಯನ್ನು ತಾನೇ ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಒಂದೊಂದೇ ಮಾತ್ರೆ ಅಂಗೈಯಲ್ಲಿ ತಂದು ಕೊಡುತ್ತಿದ್ದಳು. ಸ್ನಾನದ ಮನೆಯ ಚಿಲಕ ಹೇಗೋ ಬಿದ್ದುಹೋಗಿತ್ತು; ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು, “ನೀರು ಬಿಸಿ ಉಂಟಾ? ಮಾತಾಡಿ, ಉಂಟಾ?” ಎಂದು ಕೇಳುತ್ತಿದ್ದಳು. ಪಕ್ಕದ ಮನೆಯವರು ಆರಾಮಕುರ್ಚಿಯನ್ನು ತಿರುಗಿ ತಂದಿಟ್ಟು, “ಇದು ನಿಮಗೇ ಇರ್ಲಿ ಸಾಯ್ಬ್ರೆ. ಇನ್ನೂ ಸುಮಾರು ವರ್ಷ ಕೂತ್ಕಳ್ಳಿ,” ಎಂದು ಕೈ ಹಿಡಿದುಕೊಂಡರು. ಚಾದಂಗಡಿಯಲ್ಲಿ ನಾನು ಹೋದ ಕೂಡಲೇ ಎಲ್ಲರೂ ಮಾತು ನಿಲ್ಲಿಸಿ ಬೆಂಚಿನಲ್ಲಿ ಜಾಗ ಬಿಡುತ್ತಿದ್ದರು. ಒಬ್ಬ ಧ್ಯಾನಿಯ ಶಾಂತಿ ಸುತ್ತಲಿನವರಿಗೂ ಹಬ್ಬುತ್ತದೆ ಎಂದು ಗುರುಗಳು ಹೇಳಿದ್ದರು. ಆದರೆ ಒಂದೇ ವಾರದಲ್ಲಿ ಒಂದು ಇಡೀ ಕೇರಿಗೆ ಹಬ್ಬಬಹುದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಪುಸ್ತಕದಲ್ಲಿ ಬರೆದೆ: ಪ್ರಗತಿ ನಿರೀಕ್ಷೆಗಿಂತ ವೇಗ.

ಹತ್ತನೇ ದಿನ ಕೊನೆಯ ದಿನ. ಮುಕ್ತಾಯಕ್ಕೆ ಏನಾದರೂ ಬೇಕಲ್ಲ. ಇದನ್ನು ಗುರುಗಳು ಹೇಳಿರಲಿಲ್ಲ, ನನ್ನದೇ ಸ್ವಂತ ಯೋಚನೆ: ಸೊಂಟದ ತನಕ ನೀರಿಗೆ ಇಳಿದು ಸಮುದ್ರರಾಜನಿಗೆ ಕೈಮುಗಿದು ಬರುವುದು. ಧ್ಯಾನ ಮುಗಿಸಿ ಎದ್ದೆ. ಕಣ್ಣೊರೆಸಿಕೊಂಡೆ. ಚಪ್ಪಲಿ, ಅಂಗಿ, ಕನ್ನಡಕ, ಗಡಿಯಾರ ಎಲ್ಲ ಸರಿಯಾಗಿದೆಯೇ ಎಂದು ಒಮ್ಮೆ ನೋಡಿ, ನಿಧಾನವಾಗಿ ನೀರಿನ ಕಡೆಗೆ ನಡೆದೆ. ಪಾದ ಮುಳುಗಿತು. ಮೊಣಕಾಲು ಮುಳುಗಿತು. ಒಂದು ಅಲೆ ಬಂದು ಹೊಟ್ಟೆಗೆ ಬಡಿಯಿತು. ನಾನು ಎರಡೂ ಕೈ ಮೇಲೆತ್ತಿದೆ. ಆಗ ಹಿಂದಿನಿಂದ ಒಂದು ಕೂಗು ಕೇಳಿತು.

“ಸಾಯ್ಬ್ರೇ, ಬ್ಯಾಡ! ನಿಮ್ಮ ಕಾಲಿಗೆ ಬೀಳ್ತೆ, ಬ್ಯಾಡ!”

ತಿರುಗಿ ನೋಡುವ ಮೊದಲೇ ಯಾರೋ ನನ್ನನ್ನು ಹಿಂದಿನಿಂದ ಅಪ್ಪಿ ಹಿಡಿದರು. ಆ ಹಿಡಿತ ಎಂಥದ್ದು ಅಂತೀರಿ! ನಾನು ಬಿಡಿಸಿಕೊಳ್ಳಲು ನೋಡಿದಷ್ಟೂ ಅದು ಬಿಗಿಯಿತು. ದೊಡ್ಡ ಅಲೆಯೊಂದು ಬಂದು ಇಬ್ಬರನ್ನೂ ಕೆಡವಿತು. ಬಾಯಿ, ಮೂಗು, ಕಿವಿ ಎಲ್ಲ ಉಪ್ಪುನೀರು. ಹತ್ತು ದಿನ ಕಾಪಾಡಿದ ನನ್ನ ಮೌನವ್ರತ ಮುರಿದದ್ದು ಯಾವ ದೇವರ ಹೆಸರಿನಿಂದಲೂ ಅಲ್ಲ. “ಬಿಡೇ ಮಾರಾಯ್ತಿ!” ಎಂದು ಕಿರುಚಿದೆ. ದಡದಲ್ಲಿ ಸ್ವಲ್ಪ ಆಚೆ ರಂಪಣಿ ಬಲೆ ಎಳೆಯುತ್ತಿದ್ದ ಗಂಡಸರು ಹಗ್ಗ ಬಿಟ್ಟು ಓಡಿ ಬಂದರು. ನಾಲ್ಕು ಜನ ಸೇರಿ ನಮ್ಮಿಬ್ಬರನ್ನೂ ದಡಕ್ಕೆ ಎಳೆದು ಹಾಕಿದರು. ಬಲೆಯ ಮೀನು ಅರ್ಧಕ್ಕರ್ಧ ತಪ್ಪಿಸಿಕೊಂಡು ಹೋಯಿತೆಂದು ಆಮೇಲೆ ತಿಳಿಯಿತು.

ಮರಳಿನ ಮೇಲೆ ಕೂತು ಕೆಮ್ಮಿ, ಕನ್ನಡಕ ಹಾಕಿಕೊಂಡು ನೋಡಿದರೆ ಶೇವಂತಕ್ಕ. ಸೀರೆಯೆಲ್ಲ ನೆನೆದು, ಕೂದಲು ಬಿಚ್ಚಿ, ನನ್ನ ಬನಿಯನ್ನಿನ ಅಂಚನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡೇ ಅಳುತ್ತಿದ್ದಳು.

“ಎಂಥ ಮರುಳು ನಿನಗೆ? ನಾನು ನಮಸ್ಕಾರ ಮಾಡಲು ಇಳಿದದ್ದು!” ಎಂದೆ ಸಿಟ್ಟಿನಲ್ಲಿ.

“ಸುಳ್ಳು ಹೇಳ್ಬ್ಯಾಡಿ. ಹತ್ತು ದಿನದಿಂದ ನೋಡ್ತೆ ಇದ್ದೆ ನಾನು. ಅಂಗಿ ಮಡಚಿ ಇಡೂದು, ಕಣ್ಣೀರು ಹಾಕೂದು, ಕೇಳಿದ್ರೆ ಮಾತಾಡೂದಿಲ್ಲ. ನಂಗೆ ಗೊತ್ತಾಗೂದಿಲ್ವಾ?”

“ನಾನು ಧ್ಯಾನ ಮಾಡುತ್ತಿದ್ದೆ ಮಾರಾಯ್ತಿ, ಧ್ಯಾನ!”

ಅವಳ ಅಳು ಒಮ್ಮೆಲೇ ನಿಂತಿತು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ರಂಪಣಿಯವರೂ ನೋಡಿದರು. ಅವರಲ್ಲೊಬ್ಬ ಬಾಯಿಗೆ ಟವಲು ಅಡ್ಡ ಹಿಡಿದು ತಿರುಗಿಕೊಂಡ. ಅವನ ಹೆಗಲು ಕುಣಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಆದರೆ ಶೇವಂತಕ್ಕ ನಗಲಿಲ್ಲ. ಬನಿಯನ್ ಬಿಟ್ಟು, ಸೆರಗು ಹಿಂಡಿಕೊಳ್ಳುತ್ತ, ಮೆಲ್ಲಗೆ ಹೇಳತೊಡಗಿದಳು.

ಅವಳಿಗೊಬ್ಬ ತಮ್ಮನಿದ್ದ. ಇದೇ ಮರಳಿನ ಮೇಲೆ, ಇದೇ ಗಾಳಿಮರಗಳ ಮುಂದೆ, ಬೆಳಿಗ್ಗೆ ಬಂದು ಹೀಗೇ ಅಂಗಿ ಮಡಚಿಟ್ಟು ಕಡಲು ನೋಡುತ್ತ ಕೂತಿದ್ದ. ಒಂದು ದಿನವಲ್ಲ, ಮೂರು ದಿನ. ಅವಳು ಆಚೆ ಮೀನು ಆರಿಸುತ್ತ ನೋಡಿದ್ದಳು. ಗಾಳಿ ತಕ್ಕೊಳ್ಳುತ್ತಾನೆ ಎಂದುಕೊಂಡಳು. ಅಂಕೋಲೆಯ ಮೀನುಪೇಟೆಗೆ ಹೋಗುವ ಟೆಂಪೋ ಹೊರಡುತ್ತಿತ್ತು. ಬುಟ್ಟಿ ಹೊತ್ತು ಓಡುತ್ತಿದ್ದಳು. ನಾಲ್ಕನೇ ದಿನ ಪೇಟೆಯಿಂದ ತಿರುಗಿ ಬರುವಾಗ ಮರಳಿನ ಮೇಲೆ ಮಡಚಿಟ್ಟ ಅಂಗಿ ಮಾತ್ರ ಇತ್ತು.

“ಹತ್ತಿರ ಹೋಗಿ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ ಸಾಯ್ಬ್ರೆ. ಟೆಂಪೋ ಹೋಗ್ತದೆ ಅಂತ ಓಡಿದೆ,” ಎಂದಳು. “ನೀವು ಬಂದು ಕೂತದ್ದು ನೋಡಿ ನನ್ನ ಎದೆ ಧಸಕ್ ಅಂತು. ಈ ಸಲ ಟೆಂಪೋ ಹೋದ್ರೆ ಹೋಗ್ಲಿ ಅಂದ್ಕಂಡೆ.”

ಹತ್ತು ದಿನವೂ ಅವಳು ಪೇಟೆಯ ಟೆಂಪೋ ಬಿಟ್ಟಿದ್ದಳು. ನಾನು ಕಡಲಿಗೆ ಮುಖ ಮಾಡಿ ಕೂತ ಹೊತ್ತಿನಿಂದ ಏಳುವ ತನಕ, ನನ್ನ ಬೆನ್ನ ಹಿಂದೆ ಕವುಚಿ ಹಾಕಿದ ದೋಣಿಯ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತಿದ್ದಳು, ನಾನು ಎದ್ದರೆ ದೋಣಿಯ ಮರೆಗೆ ಸರಿಯುತ್ತಿದ್ದಳು. ನಾನು ಎದ್ದು ಮನೆ ಸೇರಿದ ಮೇಲೆಯೇ ಅವಳು ಬುಟ್ಟಿ ಹೊತ್ತು ಕೇರಿ ಕೇರಿ ತಿರುಗಿ ಸಿಕ್ಕಷ್ಟು ಮಾರುತ್ತಿದ್ದದ್ದು. ಎದ್ದು ಹೋಗಿ ನೋಡಿದೆ. ಮರಳಿನಲ್ಲಿ ಅವಳು ದಿನಾ ಕೂತು ಕೂತು ಒಂದು ಕುಳಿ ಬಿದ್ದಿತ್ತು. ಹಳೆಯ ಚಟ, ಹೆಜ್ಜೆ ಹಾಕಿ ಅಳೆದೆ. ನಾನು ಕೂತ ಜಾಗದಿಂದ ಹದಿನೈದು ಹೆಜ್ಜೆ. ಸುತ್ತ ನಡೆಯುವುದು ಒಂದೂ ತಪ್ಪಬಾರದೆಂದು ಹತ್ತು ದಿನ ಕೂತವ ನಾನು. ಏಡಿಯನ್ನು ಬರೆದಿದ್ದೆ. ಎರಡು ದೋಣಿಗಳನ್ನು ಬರೆದಿದ್ದೆ. ಹದಿನೈದು ಹೆಜ್ಜೆ ಹಿಂದೆ, ನನ್ನ ಜೀವ ಉಳಿಯಲೆಂದು ತನ್ನ ಕೆಲಸ ಬಿಟ್ಟು ಕೂತ ಹೆಂಗಸು ಮಾತ್ರ ನನ್ನ ಪುಸ್ತಕದಲ್ಲಿ ಇರಲಿಲ್ಲ. ನಮ್ಮ ಕಡಲಿನಲ್ಲಿ ಸೂರ್ಯ ಮುಳುಗುತ್ತಾನೆ, ಹುಟ್ಟುವುದು ಬೆನ್ನ ಹಿಂದೆ. ಹುಟ್ಟುವ ಸೂರ್ಯನನ್ನು ನೋಡೋಣವೆಂದು ಒಂದು ದಿನ ತಿರುಗಿ ಕೂತಿದ್ದರೂ ಕಾಣುತ್ತಿದ್ದಳು.

ಶೇವಂತಕ್ಕ ನನ್ನನ್ನು ನಂಬಿದಳೋ ಇಲ್ಲವೋ, ಒಬ್ಬನನ್ನೇ ಮನೆಗೆ ಬಿಡಲಂತೂ ಒಪ್ಪಲಿಲ್ಲ. ನಾನು ಮುಂದೆ, ಅವಳು ಹಿಂದೆ, ಇಬ್ಬರೂ ನೀರು ಸೋರಿಸುತ್ತ ಬಂದೆವು. ನೋಡುತ್ತೇನೆ, ನಮ್ಮ ಜಗಲಿಯಲ್ಲಿ ಬೊಮ್ಮಯ್ಯ ಬಾವ! ರಾಮನಗುಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಕಾಲಬುಡದಲ್ಲಿ ಒಂದು ಚೀಲ ತೆಂಗಿನಕಾಯಿ, ಮೇಲೊಂದು ಬಾಳೆಗೊನೆ. ನನ್ನ ಒದ್ದೆ ಮೈ ನೋಡಿದ್ದೇ ತಡ, ಆ ಗಟ್ಟಿ ಮನುಷ್ಯ ಎದ್ದು ಬಂದು ಎರಡೂ ಕೈ ಹಿಡಿದರು.

“ಬಾವ, ಆ ಎರಡಡಿ ಹಾಳಾಗಿ ಹೋಗ್ಲಿ. ಬೇಕಾದ್ರೆ ಇನ್ನೆರಡಡಿ ಬಿಡ್ತೆ. ಆ ಜಾಗಕ್ಕಾಗಿ ನೀವು ಹಿಂಗೆಲ್ಲ ಮಾಡ್ಕಣ್ಬೇಡಿ,” ಎಂದರು.

ಒಳಗಿನಿಂದ ಸುಮಿತ್ರೆ ಬಂದಳು. ನನ್ನನ್ನೂ ಶೇವಂತಕ್ಕನನ್ನೂ ನೋಡಿ ಹೊಸ್ತಿಲ ಮೇಲೇ ಕೂತುಬಿಟ್ಟಳು. ಆಗ ಎಲ್ಲ ಹೊರಬಿತ್ತು. ಮೂರನೇ ದಿನವೇ ಶೇವಂತಕ್ಕ ಗೇಟಿಗೆ ಬಂದು, “ಬಾಯೋರೆ, ಸಾಯ್ಬ್ರ ಮೇಲೆ ಕಣ್ಣಿಡಿ. ಕಡಲ ಹತ್ರ ನಾ ನೋಡ್ಕಣ್ತೆ, ಮನೇಲಿ ನೀವು ನೋಡ್ಕಣಿ. ಕೇಳೂಕೆ ಹೋಗ್ಬೇಡಿ, ಕೇಳಿದ್ರೆ ಮತ್ತೂ ಒಳಗೆ ಹೋಗ್ತಾರೆ,” ಎಂದಿದ್ದಳಂತೆ. ಅಂದಿನಿಂದ ಸುಮಿತ್ರೆಗೆ ಸರಿಯಾಗಿ ನಿದ್ದೆಯಿಲ್ಲ. ನಾನು ಧ್ಯಾನದ ಫಲವೆಂದು ತಿಂದ ಶೆಟ್ಲಿ, ಇಸ್ವಾಣ ಎಲ್ಲ ಅವಳ ಹೆದರಿಕೆಯ ಅಡುಗೆ. ಮಾತ್ರೆಯ ಡಬ್ಬಿ ಅಕ್ಕಿ ಡಬ್ಬದೊಳಗೆ ಹೂತಿತ್ತು. ಸ್ನಾನದ ಮನೆಯ ಚಿಲಕ ತಾನಾಗಿ ಬಿದ್ದದ್ದಲ್ಲ, ಅವಳೇ ತಿರುಪು ಬಿಚ್ಚಿ ತೆಗೆದದ್ದು. ಹಿಂದಿನ ರಾತ್ರಿ ಬಾವನಿಗೆ ಫೋನು ಮಾಡಿದ್ದೂ ಅವಳೇ. ಚಾದಂಗಡಿಯ ಬೆಂಚಿನ ಗೌರವದ ಅರ್ಥವೂ ಆಗ ತಿಳಿಯಿತು.

“ನಾನು ಧ್ಯಾನ ಮಾಡುತ್ತಿದ್ದೆ ಅಷ್ಟೇ,” ಎಂದೆ. ಬೆಳಗಿನಿಂದ ಎರಡನೇ ಸಲ ಆ ಮಾತು ಹೇಳುವಾಗ ಅದು ಮೊದಲಿನಷ್ಟು ದೊಡ್ಡದಾಗಿ ಕೇಳಿಸಲಿಲ್ಲ.

ಬಾವ ಮೊದಲು ನಕ್ಕರು. ಅವರ ನಗು ಸುಲಭಕ್ಕೆ ನಿಲ್ಲುವಂಥದ್ದಲ್ಲ. ಜಗಲಿಯ ಕಂಬ ಹಿಡಿದು ನಕ್ಕರು. ಸುಮಿತ್ರೆ ನಗಲಿಲ್ಲ. ಎದ್ದು ಬಂದು ಟವಲನ್ನು ನನ್ನ ತಲೆಯ ಮೇಲೆ ಎಸೆದು, “ಒಂದು ಮಾತು ಹೇಳೂಕೆ ನಿಮಗೆ ಬಾಯಿ ಇರ್ಲಿಲ್ವಾ? ಜಗತ್ತಿಗೆಲ್ಲ ಶಾಂತಿ, ನನಗೆ ಮಾತ್ರ ಇದು?” ಎಂದು ಕೇಳಿ ಒಳಗೆ ಹೋದಳು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಮಾತು ತಿರುಗಿ ಬಂತು, ಅದೂ ಬಡ್ಡಿ ಸಮೇತ. ಬದುಕಿದ್ದಕ್ಕೆ ಹೆಂಡತಿಯಿಂದ ಇಷ್ಟು ಬೈಸಿಕೊಂಡ ಗಂಡಸು ನಮ್ಮ ತಾಲೂಕಿನಲ್ಲಿ ಇನ್ನೊಬ್ಬನಿರಲಾರ. ಬಾವ ಮಾತ್ರ ಇನ್ನೂ ನಾಲ್ಕು ದಿನ ನಿಂತರು. ಅಪ್ಪನ ಬೆತ್ತದ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಕತೆ ಹೇಳಿದರು. ಒಬ್ಬೊಬ್ಬರಿಗೆ ಹೇಳುವಾಗಲೂ ಅಲೆಯ ಎತ್ತರ ಒಂದಡಿ ಜಾಸ್ತಿಯಾಗುತ್ತಿತ್ತು. ನಾನು ಅಳತೆ ತಿದ್ದಲು ಹೋಗಲಿಲ್ಲ.

ನನಗೆ ಇನ್ನೂ ಒಂದು ಕೆಲಸ ಉಳಿದಿತ್ತು. ಬಾವ ಹೋದ ಮರುದಿನ ಬೆಳಿಗ್ಗೆ ಶೇವಂತಕ್ಕನಲ್ಲಿಗೆ ಹೋದೆ. ಅವಳ ಮನೆಯ ಮುಂದೆ, ಮರಳಿನ ಮೇಲೆ ಹಾಸಿದ ಹಳೆಯ ಬಲೆಯಲ್ಲಿ ತಾರ್ಲೆ ಒಣಗುತ್ತಿತ್ತು. ಅವಳು ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಮೀನನ್ನು ಮಗುಚಿ ಹಾಕುತ್ತಿದ್ದಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಒಳ್ಳೆಯ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಸುಮ್ಮನೆ ಎದುರು ಕೂತು ನಾನೂ ಮಗುಚತೊಡಗಿದೆ. ಒಂದು ಸಾಲು ಮುಗಿದ ಮೇಲೆ ಅವಳೇ ಕೇಳಿದಳು.

“ಸಾಯ್ಬ್ರೆ, ಒಂದು ಕೇಳ್ತೆ. ಅಂವನೂ ನಿಮ್ಮ ಹಾಂಗೇ ಧ್ಯಾನ ಮಾಡೂಕೆ ಕೂತದ್ದು ಇರಬಹುದಾ? ಆಮೇಲೆ ಕೈಮುಗಿಯೂಕೆ ಇಳಿದು, ಅಲೆ ಎಳ್ಕಂಡು ಹೋದದ್ದು ಇರಬಹುದಾ?”

ಅವಳ ಕೈ ನಿಂತಿತ್ತು. ಎಷ್ಟೋ ವರ್ಷ ಅವಳ ಹತ್ತಿರ ಒಂದೇ ಉತ್ತರವಿತ್ತು. ನನ್ನ ಪೆದ್ದುತನದಿಂದ ಈಗ ಎರಡನೆಯದೊಂದು ಸಿಕ್ಕಿತ್ತು. ಹೌದು ಎಂದರೆ ನನಗೆ ಗೊತ್ತಿಲ್ಲದ್ದನ್ನು ಹೇಳಿದಂತಾಗುತ್ತಿತ್ತು. ಇಲ್ಲ ಎಂದರೂ ಅಷ್ಟೇ.

“ಗೊತ್ತಿಲ್ಲ ಶೇವಂತಕ್ಕ. ಇರಬಹುದು,” ಎಂದೆ.

“ಹಾಂ, ಇರಬಹುದು,” ಎಂದು ಅವಳು ಆ ಮಾತನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದಳು. ಆಮೇಲೆ ಮೀನು ಮಗುಚುವ ಕೈ ಮತ್ತೆ ಓಡತೊಡಗಿತು. ತಮ್ಮ ಚಿಕ್ಕವನಿದ್ದಾಗ ಗಾಳಿಮರ ಹತ್ತಿ ಇಳಿಯಲಾಗದೆ ಅತ್ತದ್ದು, ಯಾರದೋ ಮದುವೆಯಲ್ಲಿ ಹನ್ನೊಂದು ಹೋಳಿಗೆ ತಿಂದದ್ದು, ಇವಳ ಮದುವೆಯ ದಿನ ದಿಬ್ಬಣದ ಹಿಂದೆ ಓಡಿ ಬಂದದ್ದು ಎಲ್ಲ ಹೇಳಿದಳು. ಅಲ್ಲಿಯ ತನಕ ಅವಳ ಮಟ್ಟಿಗೆ ಅವನು ಮಡಚಿಟ್ಟ ಅಂಗಿ ಮಾತ್ರ ಆಗಿದ್ದನೆಂದು ತೋರುತ್ತದೆ.

ಅಂದಿನಿಂದ ದಿನಾ ಬೆಳಿಗ್ಗೆ ಅಲ್ಲಿಗೇ ಹೋಗುತ್ತೇನೆ. ಟೆಂಪೋ ಬರುವ ತನಕ ಮೀನು ಆರಿಸುವುದರಲ್ಲಿ, ಮಗುಚುವುದರಲ್ಲಿ ಕೈಜೋಡಿಸುತ್ತೇನೆ, ಬುಟ್ಟಿ ಎತ್ತಿಕೊಡುತ್ತೇನೆ. ಮನೆಗೆ ಬಂದರೆ ಸುಮಿತ್ರೆ ಮೂಗು ಮುಚ್ಚಿಕೊಂಡು ಸೀದಾ ಬಚ್ಚಲು ತೋರಿಸುತ್ತಾಳೆ. ಶಿಬಿರದವರು ಫೋನು ಮಾಡಿ, “ಧ್ಯಾನ ಹೇಗೆ ನಡೆದಿದೆ? ಒಳಗಿನ ಬೆಳವಣಿಗೆ ಕಾಣುತ್ತಿದೆಯೇ?” ಎಂದು ಕೇಳಿದಾಗ, ನಡೆದದ್ದನ್ನೆಲ್ಲ ಹೇಳಿದೆ. ಗುರುಗಳಿಗೆ ಅದು ಬಹಳ ಹಿಡಿಸಿತಂತೆ. ಇಂಥ ವಿನಯವಂತರು ಅಪರೂಪ, ಇದನ್ನು ಬರೆದು ಕೊಡಿ, ನಾಲ್ಕು ಜನ ಓದಲಿ ಎಂದು ಹೇಳಿ ಕಳಿಸಿದರು. ಆ ಮಾತು ಕೇಳಿ ಒಂದು ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಅಂಕೋಲಾ ತಾಲೂಕಿನಲ್ಲಿ ನನ್ನಷ್ಟು ಅಹಂಕಾರ ಕಳೆದುಕೊಂಡವ ಇನ್ನೊಬ್ಬನಿಲ್ಲ ಎಂಬ ಹೆಮ್ಮೆಯಿಂದ ಕೂತು, ಹರಿದು ಹಾಕಿ, ತಿದ್ದಿ, ಇದನ್ನು ಬರೆದು ಮುಗಿಸಿದೆ.

ಕಳಿಸುವ ಮೊದಲು ಶೇವಂತಕ್ಕನಿಗೆ ಓದಿ ಹೇಳುವುದು ನ್ಯಾಯ ಎಂದು ನಿನ್ನೆ ಬೆಳಿಗ್ಗೆ ಹಾಳೆಗಳನ್ನು ತೆಗೆದುಕೊಂಡು ಹೋದೆ. ಅವಳು ಮೀನು ಮಗುಚುತ್ತಲೇ ಕೇಳಿದಳು. ಬೇಕಾದಲ್ಲಿ ನಕ್ಕಳು. ಬಲೆಯವರು ನನ್ನನ್ನು ಎಳೆದು ಹಾಕಿದ ಭಾಗವನ್ನು ಎರಡು ಸಲ ಓದಿಸಿದಳು. ತಮ್ಮನ ವಿಷಯ ಬಂದಾಗ ಸೆರಗಿನಿಂದ ಕಣ್ಣೊತ್ತಿಕೊಂಡಳು. ಓದಿ ಮುಗಿಸಿ, ಹೊಗಳಿಕೆ ಬರಲಿ ಎಂದು ಕನ್ನಡಕ ಒರೆಸುತ್ತ ಕೂತೆ.

“ಚಂದ ಉಂಟು ಸಾಯ್ಬ್ರೆ,” ಎಂದಳು. “ನಿಮ್ಮ ಬಗ್ಗೆ ಸುಮಾರು ಬರ್ದ್ರಿ. ನಿಮ್ಮ ಮೊಣಕಾಲೂ ಬಂತು. ಆದ್ರೆ ನನ್ನ ತಮ್ಮನ ಹೆಸ್ರು ಎಲ್ಲೂ ಬರ್ಲಿಲ್ಲ.”

ಗಡಿಬಿಡಿಯಿಂದ ಹಾಳೆ ಮಗುಚಿದೆ. ಮರೆತು ಬಿಟ್ಟಿರಬೇಕು, ಈಗಲೇ ಸೇರಿಸುತ್ತೇನೆ ಎಂದು ಪೆನ್ನು ತೆಗೆದೆ. ತೆಗೆದ ಮೇಲೆ ಗೊತ್ತಾಯಿತು, ಮರೆತದ್ದಲ್ಲ. ಎರಡು ತಿಂಗಳಿನಿಂದ ದಿನಾ ಅವನ ಕತೆ ಕೇಳುತ್ತಿದ್ದೇನೆ, ಅವನು ತಿಂದ ಹೋಳಿಗೆಯ ಲೆಕ್ಕವೂ ನನಗೆ ಗೊತ್ತು. ಹೆಸರು ಒಂದನ್ನು ನಾನು ಕೇಳಿಯೇ ಇರಲಿಲ್ಲ.

“ಏನು ಅವನ ಹೆಸರು?” ಎಂದೆ.

“ಕೇಶವ,” ಎಂದಳು ಶೇವಂತಕ್ಕ. ನಾನು ಬರೆದುಕೊಳ್ಳುವ ತನಕ ಕಾದು, ಹಾಳೆಯ ಮೇಲೆ ಬಗ್ಗಿ, ಓದು ಬಾರದಿದ್ದರೂ ಸರಿಯಾಗಿ ಬರೆದಿದ್ದೇನೆಯೇ ಎಂದು ಪರೀಕ್ಷೆ ಮಾಡುವವಳಂತೆ ನೋಡಿದಳು.